ಅಪ್ಪನ ಬೆನ್ನುನೋವು

ನಮ್ಮ ಮನೆಯಲ್ಲಿ ಅಪ್ಪನ ಸಾವಿಗೆ ಬೆನ್ನುನೋವು ಎಂದೇ ಹೆಸರು. 1996ರ ಆಟಿ ತಿಂಗಳಲ್ಲಿ ತೀರಿಕೊಂಡಾಗ ಅವರಿಗೆ 53 ವರ್ಷ. ನಾನು ಆಗ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಕೇಳಲು ಬಂದವರಿಗೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದರು: "ಬೆನ್ನುನೋವು ಅಂತ ಸುರುವಾದದ್ದು, ಮತ್ತೆ ಕಾಲು ಬಿದ್ದುಹೋಯಿತು." ಬಂದವರು ತಲೆಯಾಡಿಸಿ, ತೋಟದ ಕೆಲಸ, ಮಳೆಗಾಲದ ಚಳಿ, ವಾತ ಎಂದು ತಮಗೆ ತೋಚಿದ್ದನ್ನು ಸೇರಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಒಂದೂವರೆ ವರ್ಷ ಅಪ್ಪನ ಬೆನ್ನಿಗೆ ನಾನೂ ತಮ್ಮನೂ ಸರದಿಯಲ್ಲಿ ಕೊಟ್ಟಂಚುಕ್ಕಾದಿ ತೈಲ ತಿಕ್ಕಿದ್ದೇವೆ, ಬಿಸಿನೀರಿನ ಚೀಲ ಇಟ್ಟಿದ್ದೇವೆ. ಆ ತೈಲದ ವಾಸನೆ ಎಲ್ಲಿ ಬಂದರೂ ಈಗಲೂ ನನಗೆ ನಮ್ಮ ಚಾವಡಿಯ ಮಂಚ ಕಣ್ಣಮುಂದೆ ಬರುತ್ತದೆ.

ಆ ಬೆನ್ನುನೋವಿನ ನಿಜವಾದ ಹೆಸರು ನನಗೆ ತಿಳಿಯಲು 28 ವರ್ಷ ಬೇಕಾಯಿತು. ತಿಳಿಯಬೇಕಾದರೆ ಮೊದಲು ಅದೇ ಕಾಯಿಲೆ ನನಗೂ ಬರಬೇಕಾಯಿತು. ಆ ಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನರೆದುರು ಹೇಳುವಂಥ ವಿಷಯವಲ್ಲ ಎಂದು ಕೆಲವರಿಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು.

2023ರ ಜೂನ್ ತಿಂಗಳು. ನನಗೆ 46 ವರ್ಷ. ಸಕ್ಕರೆ ಕಾಯಿಲೆ ಉಂಟೋ ಎಂದು ನೋಡಿಸಲು ಲ್ಯಾಬಿಗೆ ಹೋದವನಿಗೆ ಅಲ್ಲಿಯ ಹುಡುಗಿ, "ಒಂದು ಪ್ಯಾಕೇಜ್ ಉಂಟು ಸಾರ್, ಎಲ್ಲಾ ಸೇರಿ ಕಡಿಮೆಗೆ ಆಗ್ತದೆ" ಎಂದಳು. ಬ್ಯಾಂಕಿನ ಗುಮಾಸ್ತನಿಗೆ ಕಡಿಮೆಗೆ ಆಗುವುದೆಂದರೆ ಬೇಡ ಎನ್ನಲು ಬರುವುದಿಲ್ಲ. ಸಂಜೆ ವರದಿ ತಂದು ನೋಡಿದರೆ ಸಕ್ಕರೆ ಸರಿಯಾಗಿಯೇ ಇತ್ತು. ಕೊನೆಯ ಹಾಳೆಯಲ್ಲಿ ಪಿ.ಎಸ್.ಎ. ಎಂಬ ಮೂರಕ್ಷರದ ಎದುರು 7.8 ಎಂದು ದಪ್ಪಕ್ಷರದಲ್ಲಿತ್ತು. ಅದೇನೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಊರ ಪೇಟೆಯ ಡಾಕ್ಟರರ ಬಳಿ ಹೋದೆ. ಅವರು ಮಲಯಾಳದವರು. "ಮೂತ್ರಂ ಪೋಗಾನ್ ಬುದ್ಧಿಮುಟ್ಟುಂಡೋ?" ಎಂದು ಕೇಳಿದರು. ಇಷ್ಟು ವರ್ಷ ಮಲಯಾಳ ಮಾತಾಡಿದರೂ 'ಬುದ್ಧಿಮುಟ್ಟ್' ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಕನ್ನಡದ ತಲೆ ಒಂದು ಕ್ಷಣ ತಡವರಿಸುತ್ತದೆ. ಅವರು ಕೇಳಿದ್ದು ಕಷ್ಟ ಉಂಟೋ ಎಂದು. ಕಷ್ಟ ಇರಲಿಲ್ಲ. ರಾತ್ರಿ ಏಳುವುದಿರಲಿಲ್ಲ, ಉರಿ ಇರಲಿಲ್ಲ, ರಕ್ತ ಹೋಗಿರಲಿಲ್ಲ. ಕಷ್ಟ ಇದ್ದದ್ದು ಆಮೇಲೆ, ನಿಜವಾಗಿಯೂ ಬುದ್ಧಿಗೇ.

ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ಗುದನಾಳದ ಎದುರಿಗೆ ಕೂತಿರುವ ಒಂದು ಗ್ರಂಥಿ ಪ್ರಾಸ್ಟೇಟ್. ಗಂಡಸರಿಗೆ ಮಾತ್ರ ಇರುವುದು. ವೀರ್ಯದ ದ್ರವದಲ್ಲಿ ಒಂದು ಪಾಲು ಅಲ್ಲಿ ತಯಾರಾಗುತ್ತದೆ. ಅಕ್ರೋಟಿನಷ್ಟು ದೊಡ್ಡದು ಎಂದರು. ನನ್ನ ತೋಟದ ಲೆಕ್ಕದಲ್ಲಿ ಸಿಪ್ಪೆಯಿರುವ ಒಂದು ಸಣ್ಣ ಅಡಿಕೆಯಷ್ಟು. ಅದು ಬಿಡುವ ಒಂದು ಪ್ರೊಟೀನು ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಪಿ.ಎಸ್.ಎ. ಎಂದರೆ ಅದರ ಅಳತೆ. 4ರ ಒಳಗೆ ಇರಬೇಕೆಂಬುದು ಹಳೆಯ ವಾಡಿಕೆ. ನಲ್ವತ್ತರ ಹರೆಯದವರಿಗೆ 2.5 ದಾಟಿದರೂ ಗಮನಿಸುತ್ತಾರೆ. ಹೆಚ್ಚಾದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಸೋಂಕಾದರೂ, ವಯಸ್ಸಿನಿಂದ ಗ್ರಂಥಿ ದಪ್ಪವಾದರೂ ಅದು ಏರುತ್ತದೆ. "ಪೇಡಿಕ್ಕಾನೊನ್ನುಮಿಲ್ಲ, ಆರು ವಾರ ಬಿಟ್ಟು ಇನ್ನೊಮ್ಮೆ ನೋಡುವ" ಎಂದು ಕಳಿಸಿದರು. ಆರು ವಾರ ಬಿಟ್ಟು ನೋಡಿದಾಗ 8.1 ಇತ್ತು.

ಮತ್ತೆ ಮಂಗಳೂರು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ತಲಪಾಡಿ ದಾಟುವುದು. ಬಸ್ಸು ಗಡಿ ದಾಟುವಾಗ ನನಗೆ 2020ರ ಮಾರ್ಚ್ ಕೊನೆಯ ದಿನಗಳು ನೆನಪಾದವು. ಕೊರೋನಾ ಎಂದು ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದರು. ಮಂಗಳೂರಿಗೆ ತಲುಪಲಾಗದೆ ಜೀವ ಬಿಟ್ಟ ರೋಗಿಗಳ ಸುದ್ದಿಯನ್ನು ನಾವು ದಿನವೂ ಓದುತ್ತಿದ್ದೆವು. ಆ ದಿನಗಳಲ್ಲಿ ನನಗೆ ಈ ಕಾಯಿಲೆ ಗೊತ್ತಾಗಿದ್ದರೆ ಎಂದು ಯೋಚಿಸಿ, ಆ ಯೋಚನೆಯನ್ನು ಅಲ್ಲಿಯೇ ಬಿಟ್ಟೆ.

ಎಂ.ಆರ್.ಐ. ಆಯಿತು. ಗ್ರಂಥಿಯ ಹಿಂಭಾಗದಲ್ಲಿ ಒಂದು ಕಪ್ಪು ಮಚ್ಚೆ ಕಂಡಿತು. ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಹೊರಗಿನ ಭಾಗದಲ್ಲಿಯೇ ಅಂತೆ. ಮೂತ್ರನಾಳದಿಂದ ದೂರ ಇರುವುದರಿಂದ ಮೊದಲ ಹಂತದಲ್ಲಿ ಮೂತ್ರಕ್ಕೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ನನಗೆ ಏನೂ ಗೊತ್ತಾಗದೇ ಇದ್ದದ್ದು ಅದಕ್ಕೆ. ಸೂಜಿಯಿಂದ ಹತ್ತಾರು ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿಯಲ್ಲಿ ಗ್ಲೀಸನ್ 4+3=7 ಎಂದಿತ್ತು. ಡೊನಾಲ್ಡ್ ಗ್ಲೀಸನ್ ಎಂಬ ಅಮೆರಿಕದ ರೋಗತಜ್ಞರು 1960ರ ದಶಕದಲ್ಲಿ ಹಾಕಿಕೊಟ್ಟ ಲೆಕ್ಕ ಅದು. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಎಂದು ನೋಡಿ ಎರಡು ಅಂಕ ಕೊಟ್ಟು ಕೂಡಿಸುತ್ತಾರೆ. 6 ಎಂದರೆ ನಿಧಾನದ್ದು, 10 ಎಂದರೆ ತೀರಾ ಕೆಟ್ಟದ್ದು. 3+4 ಆದರೂ 7, 4+3 ಆದರೂ 7. ಆದರೆ ಎರಡನೆಯದು ಹೆಚ್ಚು ಒರಟು. ಕೂಡಿಸಿದ ಮೊತ್ತ ಒಂದೇ ಆದರೂ ಬರೆದ ಕ್ರಮದಲ್ಲಿ ವ್ಯತ್ಯಾಸ ಇರಬಹುದೆಂದು 20 ವರ್ಷ ಲೆಕ್ಕ ಬರೆದ ನನಗೆ ಅಂದೇ ಗೊತ್ತಾದದ್ದು. ಎಲುಬಿನ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಹೊರಗೆ ಹರಡಿಲ್ಲ ಎಂದರು.

ಡಾಕ್ಟರರು ಎರಡು ಪ್ರಶ್ನೆ ಕೇಳಿದರು. "ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ?" ಇಲ್ಲ ಎಂದೆ. "ತಂದೆಯವರು?" ತೀರಿಕೊಂಡಿದ್ದಾರೆ ಎಂದೆ. "ಎಂತ ಆಗಿತ್ತು?" "ಬೆನ್ನುನೋವು" ಎಂದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬೆನ್ನುನೋವಿನಿಂದ ಯಾರೂ ಸಾಯುವುದಿಲ್ಲ ಎಂಬುದು ಆ ಕುರ್ಚಿಯಲ್ಲಿ ಕೂತಾಗಲೇ ನನಗೆ ಮೊದಲ ಸಲ ಹೊಳೆದದ್ದು.

ಮನೆಗೆ ಬಂದು ಅಟ್ಟದಲ್ಲಿದ್ದ ಅಪ್ಪನ ಟ್ರಂಕು ಇಳಿಸಿದೆ. ಭೂಕಂದಾಯದ ರಶೀದಿ, ಅಡಿಕೆ ಮಾರಿದ ಚೀಟಿ, ಸೊಸೈಟಿಯ ಪಾಸ್ ಪುಸ್ತಕ, ಇವುಗಳ ನಡುವೆ ಗೆದ್ದಲು ಅರ್ಧ ತಿಂದ ಒಂದು ಲ್ಯಾಬಿನ ಚೀಟಿ ಸಿಕ್ಕಿತು. 1995ನೆಯ ಇಸವಿ. ಆಸಿಡ್ ಫಾಸ್ಫಟೇಸ್ ಎಂದು ಬರೆದು ಎದುರಿಗಿದ್ದ ಅಂಕೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಅದನ್ನು ಮಂಗಳೂರಿನ ಡಾಕ್ಟರರಿಗೆ ತೋರಿಸಿದೆ. ಪಿ.ಎಸ್.ಎ. ಪರೀಕ್ಷೆ ಎಲ್ಲ ಕಡೆ ಸಿಗುವ ಮೊದಲು ಪ್ರಾಸ್ಟೇಟ್ ಕ್ಯಾನ್ಸರಿನ ಸಂಶಯ ಬಂದರೆ ನೋಡಿಸುತ್ತಿದ್ದ ಪರೀಕ್ಷೆ ಅದು ಎಂದರು. ಬರೀ ಬೆನ್ನುನೋವಿಗೆ ಅದನ್ನು ಯಾರೂ ಬರೆಯುವುದಿಲ್ಲ. ಈ ಕ್ಯಾನ್ಸರ್ ಮನೆ ಬಿಟ್ಟು ಹೊರಟರೆ ಮೊದಲು ಹೋಗಿ ಸೇರುವುದು ಎಲುಬಿಗೆ, ಅದರಲ್ಲಿಯೂ ಬೆನ್ನೆಲುಬಿಗೆ ಮತ್ತು ಸೊಂಟಕ್ಕೆ. ಬೆನ್ನೆಲುಬಿನೊಳಗಿನ ನರದ ಹುರಿಯನ್ನು ಒತ್ತಿದರೆ ಕಾಲಿನ ಬಲ ಹೋಗುತ್ತದೆ. "ನಾನು ಕಣ್ಣಿನಿಂದ ನೋಡದ ರೋಗಿಗೆ ಹೆಸರು ಹಚ್ಚುವುದು ಸರಿಯಲ್ಲ. ಆದರೆ ನೀವು ಹೇಳಿದ್ದೆಲ್ಲ ಹೊಂದಿಕೆಯಾಗುತ್ತದೆ" ಎಂದರು.

ಕಾರಣ ಹುಡುಕುವುದು ಮನುಷ್ಯನ ಚಾಳಿ. ಕ್ಯಾಶ್ ಕೌಂಟರಿನಲ್ಲಿ ಕೂತವನಿಗೆ ಮಧ್ಯೆ ಏಳಲಾಗುವುದಿಲ್ಲ. ಪಿಂಚಣಿಯ ದಿನ, ತೊಳಿಲುರಪ್ಪಿನ ಹೆಂಗಸರು ಬರುವ ದಿನ, ಬೆಳಗ್ಗೆ ಕೂತರೆ ಮಧ್ಯಾಹ್ನದವರೆಗೆ ಮೂತ್ರ ಕಟ್ಟಿಕೊಂಡು ಇರುವುದೇ. ಅದರಿಂದ ಬಂತೋ ಎಂದು ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಎಂಡೋಸಲ್ಫಾನ್‌ನಿಂದಲೋ ಎಂದು ಕೇಳಿದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷ ಪಡ್ರೆ, ಎಣ್ಮಕಜೆಯ ಕಡೆ ಮಾಡಿದ ಅನಾಹುತ ನಮಗೆಲ್ಲ ಗೊತ್ತು. ಇಲ್ಲಿ ಯಾರಿಗೆ ಏನು ಬಂದರೂ ಮೊದಲು ಆ ಹೆಸರು ಬಾಯಿಗೆ ಬರುತ್ತದೆ. ಡಾಕ್ಟರರು ಇದಕ್ಕೆ ಇಲ್ಲ ಎಂದೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ಒಬ್ಬ ರೋಗಿಯ ವಿಷಯದಲ್ಲಿ ಹಾಗೆ ಬೆರಳಿಟ್ಟು ತೋರಿಸಲು ಬರುವುದಿಲ್ಲ, ನಿಮ್ಮ ಮಟ್ಟಿಗೆ ಮೊದಲು ನೋಡಬೇಕಾದದ್ದು ರಕ್ತಸಂಬಂಧವನ್ನು ಎಂದರು.

2023ರ ಅಕ್ಟೋಬರಿನಲ್ಲಿ ಆಪರೇಶನ್ ಆಯಿತು. ಗ್ರಂಥಿಯನ್ನು ಪೂರ್ತಿ ತೆಗೆದರು. ವಿಕಿರಣ ಚಿಕಿತ್ಸೆಯ ದಾರಿಯೂ ಇತ್ತು. ಎರಡರ ಒಳ್ಳೆಯದು ಕೆಟ್ಟದ್ದನ್ನು ಕೇಳಿ ನಾನು ಇದನ್ನು ಆರಿಸಿಕೊಂಡೆ. ಹತ್ತು ದಿನ ಟ್ಯೂಬ್ ಇತ್ತು. ಟ್ಯೂಬ್ ತೆಗೆದ ದಿನದಿಂದ ನಿಜವಾದ ಪರೀಕ್ಷೆ ಶುರುವಾಯಿತು. ಕೆಮ್ಮಿದರೆ, ಎದ್ದರೆ, ನಕ್ಕರೆ ಮೂತ್ರ ಜಾರುತ್ತಿತ್ತು. ಮನೆಗೆ ಬಂದ ಮೊದಲ ರಾತ್ರಿ ಹಾಸಿಗೆಯ ಮೇಲೆ ಏನೋ ಸರಸರ ಎಂದಿತು. ಬಟ್ಟೆ ಎತ್ತಿ ನೋಡಿದರೆ, ಮಗ ಕೂಸಾಗಿದ್ದಾಗ ಹಾಸುತ್ತಿದ್ದ ರಬ್ಬರ್ ಶೀಟು. ಹೆಂಡತಿ ಯಾವಾಗ ಹುಡುಕಿ ತೆಗೆದು ಹಾಸಿದಳೋ ಗೊತ್ತಿಲ್ಲ. ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಐದು ತಿಂಗಳು ಪ್ಯಾಡ್ ಕಟ್ಟಿಕೊಂಡು ಕೌಂಟರಿನಲ್ಲಿ ಕೂತಿದ್ದೇನೆ. ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಇನ್ನೊಂದು ಪ್ಯಾಂಟು. ವಾಸನೆ ಬರುತ್ತದೋ ಎಂಬ ಹೆದರಿಕೆಯಲ್ಲಿ ಸಹೋದ್ಯೋಗಿಗಳ ಜತೆ ಚಹಾಕ್ಕೆ ಹೋಗುವುದನ್ನು ಬಿಟ್ಟೆ. ತಳದ ಸ್ನಾಯು ಬಿಗಿಹಿಡಿದು ಹತ್ತು ಎಣಿಸಿ ಬಿಡುವ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಹೆರಿಗೆಯಾದ ಹೆಂಗಸರಿಗೆಂದು ಬರೆದದ್ದು ಅದು. ನೋಟಿನ ಕಟ್ಟು ಎಣಿಸುತ್ತಾ ನಾನು ಒಳಗೊಳಗೆ ಅದನ್ನೂ ಎಣಿಸುತ್ತಿದ್ದೆ. ಎದುರು ನಿಂತ ಗಿರಾಕಿಗೆ ನಾನು ಬಹಳ ಗಮನವಿಟ್ಟು ಎಣಿಸುತ್ತಿದ್ದೇನೆ ಎಂದು ಕಂಡಿರಬೇಕು. ಈಗ ಪ್ಯಾಡ್ ಬೇಕಾಗಿಲ್ಲ. ಭಾರ ಎತ್ತಿದರೆ ಮಾತ್ರ ಜಾಗ್ರತೆ.

ಇನ್ನೊಂದು ವಿಷಯ ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಗಂಡಸುತನ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದಕ್ಕೆ ಬೇಕಾದ ನರಗಳು ಈ ಗ್ರಂಥಿಯ ಎರಡೂ ಬದಿಗೆ ಅಂಟಿಕೊಂಡು ಹೋಗುತ್ತವೆ. 1982ರವರೆಗೆ ಈ ಆಪರೇಶನ್ ಆದವರಿಗೆ ಆ ಶಕ್ತಿ ಉಳಿಯುವುದು ಅಪರೂಪವಾಗಿತ್ತು. ಆ ವರ್ಷ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಷ್ ಎಂಬ ವೈದ್ಯರು ನರಗಳ ದಾರಿ ಗುರುತಿಸಿ, ಅವನ್ನು ಉಳಿಸಿಕೊಂಡು ಗ್ರಂಥಿ ತೆಗೆಯುವ ಕ್ರಮ ತೋರಿಸಿದರು. ನನಗೆ ಒಂದು ಬದಿಯ ನರ ಉಳಿಸಲು ಸಾಧ್ಯವಾಯಿತು. ಹಿಂದಿನಂತೆ ಇಲ್ಲ. ಮಾತ್ರೆ ಉಂಟು, ಸಮಯ ಹಿಡಿಯುತ್ತದೆ, ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾಗುತ್ತದೆ. ಮದುವೆಯಾಗಿ 22 ವರ್ಷಗಳಲ್ಲಿ ನಾವು ಈ ವಿಷಯ ಬಾಯಿಬಿಟ್ಟು ಮಾತಾಡಿದ್ದೇ ಆಮೇಲೆ. ಮಕ್ಕಳಾಗುವ ಮೊದಲೇ ಈ ಕಾಯಿಲೆ ಬಂದ ಹರೆಯದವರು ಆಪರೇಶನ್‌ಗೆ ಮೊದಲೇ ವೀರ್ಯ ಶೇಖರಿಸಿಡುವ ಬಗ್ಗೆ ಡಾಕ್ಟರರಲ್ಲಿ ಕೇಳಬೇಕು. ಆಮೇಲೆ ಸಹಜ ರೀತಿಯಲ್ಲಿ ಮಕ್ಕಳಾಗುವುದಿಲ್ಲ.

ಈ ಚಿಕ್ಕ ವಯಸ್ಸಿನಲ್ಲಿ ಯಾಕೆ ಎಂಬ ಪ್ರಶ್ನೆಗೆ ಮರುವರ್ಷ ಉತ್ತರ ಬಂತು. ರಕ್ತ ತೆಗೆದು ವಂಶವಾಹಿಯ ಪರೀಕ್ಷೆಗೆ ಕಳಿಸಿದ್ದರು. ಬಿ.ಆರ್.ಸಿ.ಎ.-2 ಎಂಬ ಜೀನಿನಲ್ಲಿ ದೋಷ ಉಂಟೆಂದು ವರದಿ ಬಂತು. 1995ರಲ್ಲಿ ಈ ಜೀನನ್ನು ಪತ್ತೆ ಮಾಡಿದಾಗ ಅದು ಹೆಂಗಸರ ಸ್ತನದ ಕ್ಯಾನ್ಸರಿನ ಜೀನು ಎಂದೇ ಹೆಸರಾಯಿತು. ಕೆಟ್ಟುಹೋದ ಡಿ.ಎನ್.ಎ. ರಿಪೇರಿ ಮಾಡುವುದು ಅದರ ಕೆಲಸ. ಅದರಲ್ಲಿ ದೋಷವಿದ್ದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಬಂದರೆ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ. "ತಂದೆಯ ಕಡೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಆಗಿತ್ತಾ?" ಎಂದು ಕೇಳಿದರು. ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ನಲ್ವತ್ತೈದರ ಒಳಗೆ 'ಎದೆಯ ಹುಣ್ಣಿ'ನಲ್ಲಿ ಹೋದದ್ದು ನೆನಪಾಯಿತು. ಅದು ಹೆಂಗಸರ ಕಾಯಿಲೆ, ಅಪ್ಪನದ್ದು ಬೆನ್ನುನೋವು. ಎರಡನ್ನು ಒಂದೇ ನೂಲಿನಲ್ಲಿ ಪೋಣಿಸಬಹುದೆಂದು ನಮಗೆ ಯಾರಿಗೂ ತೋಚಿರಲಿಲ್ಲ.

2024ರ ನಾಗರಪಂಚಮಿಗೆ ಮೂಲಮನೆಯಲ್ಲಿ ಎಲ್ಲರೂ ಸೇರಿದ್ದೆವು. ನಾಗನ ಕಟ್ಟೆಯಲ್ಲಿ ತನು ಎರೆದು, ತಂಬಿಲ ಮುಗಿಸಿ, ಊಟವಾಗಿ ಗಂಡಸರೆಲ್ಲ ಜಗಲಿಯಲ್ಲಿ ಎಲೆ ಹಾಕುತ್ತಾ ಕೂತಿದ್ದರು. ಒಂದೇ ರಕ್ತದ ಹದಿನೆಂಟು ಇಪ್ಪತ್ತು ಜನ. ಸಂತಾನಕ್ಕೆ ಕೇಡು ಬಾರದಿರಲಿ ಎಂದು ಆಗಷ್ಟೇ ಪ್ರಾರ್ಥನೆ ಮಾಡಿದವರು. ಹೇಳುವುದಾದರೆ ಇಲ್ಲಿಯೇ ಎಂದುಕೊಂಡು ಹೇಳಿದೆ. ಪಿ.ಎಸ್.ಎ. ಎಂದರೇನು, ನನಗೆ ಎಂತ ಆಯಿತು, ನಲ್ವತ್ತು ದಾಟಿದವರು ಯಾಕೆ ನೋಡಿಸಬೇಕು ಎಂದೆಲ್ಲ. ಯಾರೂ ಮಾತಾಡಲಿಲ್ಲ. ಒಬ್ಬ ಚಿಕ್ಕಪ್ಪನ ಮಗ, "ಮೂತ್ರ ಸರಿ ಹೋಗ್ತದೆ ಮಾರಾಯ, ಬೇರೆ ಎಂತಕ್ಕೆ ಡಾಕ್ಟರ್?" ಎಂದು ನಗಿಸಲು ನೋಡಿದ. ಒಬ್ಬಿಬ್ಬರು ನಕ್ಕರು. ಮಾತು ಅಡಿಕೆಯ ಧಾರಣೆಗೆ ಹೋಯಿತು.

ಹೊರಡುವಾಗ ದೊಡ್ಡಪ್ಪ ನನ್ನನ್ನು ಹಟ್ಟಿಯ ಬದಿಗೆ ಕರೆದರು. ಅವರಿಗೆ 86. "ನಿನ್ನ ಅಪ್ಪನಿಗೂ ಅದೇ" ಎಂದರು.

ಅವರು ಹೇಳಿದ್ದು ಇಷ್ಟು. 1995ರಲ್ಲಿ ಅಪ್ಪನನ್ನು ಡಾಕ್ಟರರ ಬಳಿ ಕರೆದುಕೊಂಡು ಹೋದದ್ದು ದೊಡ್ಡಪ್ಪನೇ. ಮೂತ್ರದ ಜಾಗದ ಕ್ಯಾನ್ಸರ್, ಎಲುಬಿಗೆ ಹೋಗಿದೆ ಎಂದು ಡಾಕ್ಟರರು ಹೇಳಿದ್ದರು. ಗುಣ ಮಾಡಲು ಆಗದು, ಆದರೆ ವೃಷಣಗಳನ್ನು ತೆಗೆದರೆ ನೋವು ಇಳಿಯುತ್ತದೆ, ಸ್ವಲ್ಪ ಕಾಲ ಬದುಕಬಹುದು ಎಂದಿದ್ದರು. ಅಪ್ಪ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲವಂತೆ. ಇಳಿದ ಮೇಲೆ, "ಎತ್ತಿಗೆ ಬೀಜ ಒಡೆದ ಹಾಗೆ ನನಗೆ ಮಾಡುವುದು ಬೇಡ ಅಣ್ಣ. ಬೆನ್ನುನೋವು ಅಂತ ಹೇಳುವ. ಮಕ್ಕಳಿಗೆ ಗೊತ್ತಾಗಬಾರದು, ಅವಳಿಗೂ ಗೊತ್ತಾಗಬಾರದು" ಎಂದು ದೊಡ್ಡಪ್ಪನ ಕೈಯಿಂದ ಮಾತು ತೆಗೆದುಕೊಂಡರಂತೆ. "ಮಾತು ಕೊಟ್ಟಿದ್ದೆ, ಎಂತ ಮಾಡುವುದು?" ಎಂದರು. ಅಮ್ಮ 2014ರಲ್ಲಿ ತೀರಿಕೊಂಡರು. ಬೆನ್ನುನೋವು ಎಂದು ನಂಬಿಕೊಂಡೇ ಹೋದರು.

ಆ ರಾತ್ರಿ ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ ಓದಿ ತಿಳಿದುಕೊಂಡೆ. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು ಗಂಡು ಹಾರ್ಮೋನೇ ಈ ಕ್ಯಾನ್ಸರಿನ ಆಹಾರ, ಅದನ್ನು ನಿಲ್ಲಿಸಿದರೆ ರೋಗ ಕುಗ್ಗುತ್ತದೆ ಎಂದು ತೋರಿಸಿದರು. ರೋಗ ಕುಗ್ಗಿದ್ದನ್ನು ಅವರು ಅಳೆದದ್ದು ಅಪ್ಪನ ಚೀಟಿಯಲ್ಲಿದ್ದ ಅದೇ ಆಸಿಡ್ ಫಾಸ್ಫಟೇಸ್ ಪರೀಕ್ಷೆಯಿಂದ. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆ ಡಾಕ್ಟರರು ಅಪ್ಪನಿಗೆ ಹೇಳಿದ್ದು ಆ ಕಾಲದ ಸರಿಯಾದ, ಬಡವರಿಗೂ ಎಟಕುವ ಚಿಕಿತ್ಸೆಯೇ. ಈಗ ಅದನ್ನೇ ಚುಚ್ಚುಮದ್ದಿನಿಂದ ಮಾಡುತ್ತಾರೆ, ಏನನ್ನೂ ತೆಗೆಯಬೇಕೆಂದಿಲ್ಲ. ನಾವು ತಿಕ್ಕಿದ ತೈಲದಿಂದ ಇಳಿಯದ ನೋವು ಬಹುಶಃ ಅದರಿಂದ ಇಳಿಯುತ್ತಿತ್ತು. ಆದರೆ ಪ್ಯಾಡ್ ಕಟ್ಟಿಕೊಂಡು ಚಹಾಕ್ಕೆ ಹೋಗಲು ನಾಚಿದ ನಾನು ಅವರ ನಾಚಿಕೆಯನ್ನು ತೂಗುವುದು ಹೇಗೆ? ಸಿಟ್ಟು ಹೆಚ್ಚು ದಿನ ನಿಲ್ಲಲಿಲ್ಲ. ಅವರು ಮುಚ್ಚಿಟ್ಟ ಮಾತಿನಿಂದ ನಷ್ಟವಾದದ್ದು ಅವರಿಗೆ ಮಾತ್ರ ಅಲ್ಲ ಎಂಬ ಬೇಸರ ಮಾತ್ರ ಉಳಿದಿದೆ. 40ಕ್ಕೇ ನಾನು ಪರೀಕ್ಷೆ ಮಾಡಿಸಿಕೊಳ್ಳಬಹುದಿತ್ತು.

ಇದನ್ನು ಓದಿದವರೆಲ್ಲ ನಾಳೆಯೇ ಲ್ಯಾಬಿಗೆ ಓಡಬೇಕೆಂದು ನಾನು ಹೇಳುವುದಿಲ್ಲ. ಇದು ಹೆಚ್ಚಾಗಿ 65 ದಾಟಿದವರ ಕಾಯಿಲೆ. 40ರ ಒಳಗೆ ಬಹಳ ಅಪರೂಪ. ಮುದುಕರಲ್ಲಿ ಎಷ್ಟೋ ಸಲ ಅದು ಎಷ್ಟು ನಿಧಾನವೆಂದರೆ ಬರೀ ಕಣ್ಣಿಟ್ಟು ಕಾಯುವುದೇ ಸರಿಯಾದ ಚಿಕಿತ್ಸೆ. ಬ್ರಿಟನ್ನಿನಲ್ಲಿ 50ರಿಂದ 69 ವರ್ಷದ 1,643 ಗಂಡಸರನ್ನು ಆಪರೇಶನ್, ವಿಕಿರಣ, ಬರೀ ನಿಗಾ ಎಂದು ಮೂರು ಪಂಗಡ ಮಾಡಿ 15 ವರ್ಷ ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರರಲ್ಲಿಯೂ ಈ ಕ್ಯಾನ್ಸರಿನಿಂದ ಸತ್ತವರು 100ಕ್ಕೆ ಸುಮಾರು 3 ಮಂದಿ ಮಾತ್ರ. ಬೇಡದ ಆಪರೇಶನ್ ಮಾಡಿಸಿಕೊಂಡರೆ ನಾನು ಬರೆದ ಕಷ್ಟಗಳೆಲ್ಲ ಸುಮ್ಮನೆ ತಲೆಗೆ ಬರುತ್ತವೆ. ಆದರೆ ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಅದು ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಇನ್ನೂ ಹೆಚ್ಚು. ಅಂಥವರು 40–45ರ ಹೊತ್ತಿಗೇ ಡಾಕ್ಟರರಲ್ಲಿ ಕೇಳುವುದು ಒಳ್ಳೆಯದು. ಸೈಕಲ್ ಓಟದಲ್ಲಿ ಆರು ಒಲಿಂಪಿಕ್ ಚಿನ್ನ ಗೆದ್ದ ಸ್ಕಾಟ್ಲೆಂಡಿನ ಕ್ರಿಸ್ ಹೋಯ್ ಭುಜನೋವು ಎಂದು ಹೋದವರು. 2023ರಲ್ಲಿ, 47ರ ಪ್ರಾಯದಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹರಡಿದೆಯೆಂದು ಗೊತ್ತಾಯಿತು. ಅವರ ತಂದೆಗೂ ಅಜ್ಜನಿಗೂ ಇದೇ ಕಾಯಿಲೆ ಆಗಿತ್ತು. ಅವರ ಭುಜನೋವಿನ ಸುದ್ದಿ ಓದುವಾಗ ನನಗೆ ನಮ್ಮ ಬೆನ್ನುನೋವು ನೆನಪಾಗದೆ ಇರಲಿಲ್ಲ.

ನನ್ನ ರಕ್ತದಲ್ಲಿರುವುದು ನನ್ನ ಒಡಹುಟ್ಟಿದವನಲ್ಲಿ ಇರುವ ಸಂಭವ ಅರ್ಧಕ್ಕರ್ಧ. ಮಕ್ಕಳಿಬ್ಬರಲ್ಲಿ ಒಬ್ಬೊಬ್ಬರಿಗೂ ಅಷ್ಟೇ. ಮಗನಿಗೆ ಇನ್ನೂ 16, ಮಗಳಿಗೆ 20. ಜೀನಿನ ವರದಿ ಬಂದ ದಿನ ಹೆಂಡತಿ, "ಇವಳ ಮದುವೆ ಆಗುವ ತನಕ ಇದು ಮನೆಯಿಂದ ಹೊರಗೆ ಹೋಗಬಾರದು" ಎಂದಳು. ಅವಳದ್ದು ತಪ್ಪಲ್ಲ. ನಮ್ಮಂಥ ಸಣ್ಣ ಸಮುದಾಯದಲ್ಲಿ ಕನ್ನಡದ ಮನೆಗಳೇ ಲೆಕ್ಕದಷ್ಟು. ಒಂದು ಮನೆಯ ಕಾಯಿಲೆಯ ಸುದ್ದಿ ಸಂಬಂಧ ಕೇಳುವವರಿಗಿಂತ ಮೊದಲು ಹೋಗಿ ಮುಟ್ಟುತ್ತದೆ. ಒಂದು ವರ್ಷ ನಾನೂ ಬಾಯಿಮುಚ್ಚಿದ್ದೆ. ತಂಬಿಲದ ದಿನವೂ ಜೀನಿನ ಮಾತು ಎತ್ತಿರಲಿಲ್ಲ.

ದೊಡ್ಡಪ್ಪ ಹೇಳಿದ್ದನ್ನು ಒಂದು ದಿನ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಹೆಂಡತಿ ಬಡಿಸುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮಗಳು, "ನನಗೆ ಬೇಕಾದಾಗ ನಾನು ಪರೀಕ್ಷೆ ಮಾಡಿಸ್ತೇನೆ ಅಪ್ಪ. ಆದರೆ ನನ್ನ ಮದುವೆಗೆ ಅಂತ ಚಿಕ್ಕಪ್ಪನಿಗೆ ಹೇಳದೆ ಇರ್ಬೇಡಿ" ಎಂದಳು. ಈ ದೋಷವಿರುವ ಹೆಂಗಸರು 25ರಿಂದಲೇ ಸ್ತನದ ಸ್ಕ್ಯಾನ್ ಮಾಡಿಸಿಕೊಳ್ಳಬೇಕೆಂದು ಡಾಕ್ಟರರು ಹೇಳಿದ್ದರು. ಅವಳಿಗೆ ಇನ್ನೂ ಸಮಯವಿದೆ. ತಮ್ಮನಿಗೆ ಇರಲಿಲ್ಲ.

ತಮ್ಮ ಶಾರ್ಜಾದಲ್ಲಿದ್ದಾನೆ, 44 ವರ್ಷ. ಫೋನಿನಲ್ಲಿ ಮೂರು ಸಲ ಹೇಳಿದೆ. "ಅಣ್ಣಾ, ನನಗೆ ಎಂತ ತೊಂದರೆಯೂ ಇಲ್ಲ" ಎನ್ನುತ್ತಿದ್ದ. ತೊಂದರೆ ಇಲ್ಲದಾಗಲೇ ನೋಡಬೇಕಾದದ್ದು ಎಂದೆ. ಅಲ್ಲಿ ಏನಾದರೂ ಸಿಕ್ಕಿದರೆ ಕೆಲಸ ಹೋದೀತು ಎಂಬ ಹೆದರಿಕೆ ಅವನಿಗೆ. ಕೊನೆಗೆ ರಜೆಯಲ್ಲಿ ಬಂದಾಗ ಹೋಗುವ ಎಂದು ಒಪ್ಪಿದ. ಈ ಸಲದ ರಜೆಯಲ್ಲಿ ಇಬ್ಬರೂ ಬೆಳಗ್ಗಿನ ಬಸ್ಸಿಗೆ ಮಂಗಳೂರಿಗೆ ಹೋದೆವು. ಪಿ.ಎಸ್.ಎ. ಅಂದೇ ಸಂಜೆ ಬಂತು: 1.3. ಅವನಿಗಿಂತ ದೊಡ್ಡ ಉಸಿರು ಬಿಟ್ಟದ್ದು ನಾನು. ನನ್ನದು ಈಗ 0.1ಕ್ಕಿಂತ ಕೆಳಗಿದೆ, ಆರು ತಿಂಗಳಿಗೊಮ್ಮೆ ನೋಡಿಸುತ್ತೇನೆ. ಅವನ ಜೀನಿನ ಪರೀಕ್ಷೆಯ ಫಲಿತಾಂಶ ಇದನ್ನು ಬರೆಯುವ ಹೊತ್ತಿಗೆ ಇನ್ನೂ ಬಂದಿಲ್ಲ.

ರಕ್ತ ಕೊಡುವ ಮೊದಲು ಅವನಿಗೊಂದು ಫಾರಂ ಕೊಟ್ಟಿದ್ದರು. ಅದರಲ್ಲಿ ಕುಟುಂಬದವರ ಕಾಯಿಲೆಗಳನ್ನು ತುಂಬಿಸುವ ಕಾಲಂ ಇತ್ತು. ಅಣ್ಣ ಎಂಬಲ್ಲಿ ನನ್ನದನ್ನು ಬರೆದ, ಅತ್ತೆಯದ್ದನ್ನು ಬರೆದ. ತಂದೆ ಎಂಬಲ್ಲಿಗೆ ಬಂದಾಗ ಪೆನ್ನು ಎತ್ತಿಹಿಡಿದು, "ಅಪ್ಪನಿಗೆ ಎಂತ ಬರೆಯುವುದು?" ಎಂದು ಕೇಳಿದ.

ನಾನು ಹೇಳಿದೆ. ಅವನು ಬರೆದ.